ಕಬ್ಬು ಬೆರೆತ ಪೆಟ್ರೋಲು

ನಮ್ಮ ಪಿಕಪ್ ಗಾಡಿಯ ಟ್ಯಾಂಕಿನ ಮುಚ್ಚಳದ ಮೇಲೆ ಒಂದು ಚೀಟಿ ಅಂಟಿಸಿತ್ತು. 'ಎಥೆನಾಲ್ ಬೆರೆತ ಪೆಟ್ರೋಲ್ ಹಾಕಬಾರದು' ಎಂಬ ಒಂದೇ ಮಾತನ್ನು ನಮ್ಮ ಮನೆಯವರು ತಮ್ಮ ದುಂಡಗಿನ ಅಕ್ಷರದಲ್ಲಿ ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಕನ್ನಡದಲ್ಲಿ ಬರೆದು, ಮಳೆಗೆ ನೆನೆಯದಂತೆ ಮೇಲೊಂದು ಪಾರದರ್ಶಕ ಟೇಪು ಹಚ್ಚಿದ್ದರು. ಮರಾಠಿ ಈ ಊರಿನ ಬಂಕಿನವರಿಗೆ, ಹಿಂದಿ ಹೊರಗಿನಿಂದ ಬಂದು ಇಲ್ಲಿ ಕೆಲಸಕ್ಕೆ ನಿಂತವರಿಗೆ. ನಾಗಪುರದ ಯಾವ ಪೆಟ್ರೋಲ್ ಬಂಕಿನಲ್ಲಿ ಕನ್ನಡ ಓದುವವರು ಸಿಗುತ್ತಾರೆ ಎಂದು ನಾನು ಕೇಳಿದಾಗ ಅವರು ನಕ್ಕರು. ಗಾಡಿ ಓಡಿಸುವವಳು ನಾನು. ಮೂರನೆಯ ಸಾಲು ಯಾರಿಗೆಂದು ಬೇರೆ ಹೇಳಬೇಕಿರಲಿಲ್ಲ.

ಹೆಂಗಸಿಗೆ ಪಿಕಪ್ ಗಾಡಿ ಯಾಕೆ ಎಂದು ನೀವು ಕೇಳಬಹುದು, ಬಹಳ ಜನ ಕೇಳುತ್ತಾರೆ. ಲಕ್ಷ್ಮೀ ನಗರದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ನಾನು ರೋಗಿಗಳ ಸಾಮಾನನ್ನು ಬಾಡಿಗೆಗೆ ಕೊಡುತ್ತೇನೆ: ತಲೆಯ ಕಡೆ ಎತ್ತಿ ಇಳಿಸುವ ಮಂಚ, ಗಾಲಿಕುರ್ಚಿ, ವಾಕರ್, ಗಾಳಿ ತುಂಬಿದ ಹಾಸಿಗೆ, ಮನೆಯ ಕರೆಂಟಿನಿಂದಲೇ ಗಾಳಿಯನ್ನು ಸೋಸಿ ಆಮ್ಲಜನಕ ಕೊಡುವ ಯಂತ್ರ. ಅತ್ತೆಯವರ ಕೊನೆಯ ವರ್ಷಗಳಿಗೆಂದು ತಂದ ಮಂಚ ಅವರ ನಂತರ ಖಾಲಿ ಉಳಿದಿತ್ತು. ಪಕ್ಕದ ಬೀದಿಯವರೊಬ್ಬರು ಕೇಳಿಕೊಂಡು ಬಂದು ಒಯ್ದರು, ಅವರಿಂದ ಇನ್ನೊಬ್ಬರಿಗೆ ಹೋಯಿತು, ಹಾಗೆ ಮನೆಯಿಂದ ಮನೆಗೆ ನಡೆಯುತ್ತ ಆ ಮಂಚವೇ ನನಗೊಂದು ಉದ್ಯೋಗವನ್ನು ಕಟ್ಟಿಕೊಟ್ಟಿತು. ಸಾಮಾನು ಸಾಗಿಸಲು ಗಾಡಿ ಬೇಕಾಯಿತು. ಎಲ್ಲರೂ ಡೀಸೆಲ್ ಗಾಡಿ ಕೊಳ್ಳಿ ಎಂದರೂ ನಾನು ಹುಡುಕಿ ಪೆಟ್ರೋಲಿನದೊಂದು ಹಳೆಯ ಚಿಕ್ಕ ಪಿಕಪ್ಪನ್ನೇ ಕೊಂಡೆ. ಆಗಷ್ಟೇ ಕಣ್ಣು ಮುಚ್ಚಿದ ರೋಗಿಯ ಕಿಟಕಿಯ ಕೆಳಗೆ ಡೀಸೆಲ್ ಎಂಜಿನ್ನಿನ ಧಡಧಡ ಶಬ್ದ ಒಳ್ಳೆಯದಲ್ಲ ಎಂದು ನನಗೆ ಅನ್ನಿಸಿತ್ತು, ಅಷ್ಟೇ ಕಾರಣ.

ಆ ಗಾಡಿಗೆ ಕೇಡುಗಾಲ ಬಂದದ್ದು ಪೆಟ್ರೋಲಿಗೆ ಎಥೆನಾಲ್ ಬೆರೆಸತೊಡಗಿದ ಮೇಲೆ ಎಂದು ನಮ್ಮ ಮನೆಯವರ ದೃಢ ನಂಬಿಕೆ. ಕಬ್ಬಿನಿಂದ, ಮೆಕ್ಕೆಜೋಳದಿಂದ, ನುಚ್ಚಕ್ಕಿಯಿಂದ ತೆಗೆದ ಮದ್ಯಸಾರವೇ ಈ ಎಥೆನಾಲು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನ ಐದು ಪಾಲಿನಲ್ಲಿ ಒಂದು ಪಾಲು ಅದೇ. ಹೊಸ ಗಾಡಿಗಳು ಇದಕ್ಕೆ ಸಿದ್ಧವಾಗಿಯೇ ಹುಟ್ಟುತ್ತವೆ. ನಮ್ಮಂಥ ಹಳೆಯ ಗಾಡಿಗಳ ರಬ್ಬರಿನ ಕೊಳವೆಗಳು ಇದರಲ್ಲಿ ನೆನೆದು ಉಬ್ಬುತ್ತವೆ, ಬಿರಿಯುತ್ತವೆ, ಲೀಟರಿಗೆ ಓಡುವ ದೂರವೂ ಒಂದಷ್ಟು ಕಡಿಮೆಯಾಗುತ್ತದೆ ಎನ್ನುವ ಮಾತಿದೆ. ನಾಗಪುರದ ಹತ್ತಿರದ ಖಾಪರಖೇಡಾದ ಕಲ್ಲಿದ್ದಲು ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರಾಗಿ ದುಡಿದು ನಿವೃತ್ತರಾದ ನಮ್ಮ ಮನೆಯವರಿಗೆ ಯಂತ್ರಗಳ ಮೇಲೆ ಮನುಷ್ಯರ ಮೇಲಿರುವಷ್ಟೇ ಕರುಣೆ. "ನಮ್ಮ ಮನ್ಯಾಗ ಯಾರೂ ಕುಡದವರಿಲ್ಲ. ಈ ವಯಸ್ಸಿನಾಗ ಗಾಡಿಗೆ ಯಾಕ ಕುಡಿತ ಕಲಸಬೇಕು?" ಎನ್ನುತ್ತಿದ್ದರು. ಎಥೆನಾಲ್ ಬೆರೆಯದ ದುಬಾರಿ ಪೆಟ್ರೋಲು ಊರಿನ ಇನ್ನೊಂದು ತುದಿಯ ಬಂಕಿನಲ್ಲಿ ಮಾತ್ರ ಸಿಗುತ್ತದೆಂದು ಪತ್ತೆ ಮಾಡಿ, ಅಲ್ಲಿಗೇ ಗಾಡಿಯನ್ನು ಯಾತ್ರೆಗೆ ಕರೆದೊಯ್ದಂತೆ ಕರೆದೊಯ್ಯುತ್ತಿದ್ದರು. ಹೋಗಿಬರುವುದಕ್ಕೇ ಎಷ್ಟು ಪೆಟ್ರೋಲು ಸುಡುತ್ತದೆ ಎಂದು ನಾನು ಕೇಳಿದರೆ ಅದು ಬೇರೆ ಲೆಕ್ಕ ಎನ್ನುತ್ತಿದ್ದರು.

ಇಷ್ಟೇ ಆಗಿದ್ದರೆ ಇದೊಂದು ಮನೆಯೊಳಗಿನ ಹಟವಾಗಿ ಉಳಿಯುತ್ತಿತ್ತು. ಆದರೆ ನನ್ನ ತಮ್ಮ ಮಲ್ಲಿಕಾರ್ಜುನ, ನಮಗೆಲ್ಲ ಮಲ್ಲು, ಮುಧೋಳದ ಹತ್ತಿರ ಕಬ್ಬು ಬೆಳೆಯುತ್ತಾನೆ. ಅವನ ಕಬ್ಬು ಹೋಗುವ ಕಾರ್ಖಾನೆಯಲ್ಲಿ ಸಕ್ಕರೆಯ ಜೊತೆಗೆ ಎಥೆನಾಲೂ ತಯಾರಾಗುತ್ತದೆ. ಕಳೆದ ವರ್ಷ ಅವನ ಮೊಮ್ಮಗಳ ಹೆಸರಿಡುವ ದಿನ ನಾವೆಲ್ಲ ಅವನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತ ಮಲ್ಲು ಸಂತೋಷದಿಂದಲೇ ಹೇಳಿದ, "ಮಾವಾರ, ನಮ್ಮ ಹೊಲದ ಕಬ್ಬು ನಾಗಪುರದಾಗ ನಮ್ಮಕ್ಕನ ಗಾಡಿ ಓಡಸ್ತದ ಅಂದ್ರ ನನಗ ಎಷ್ಟ ಹೆಮ್ಮಿ ಆಗ್ತದರಿ."

"ಓಡಸೂದಿಲ್ಲೋ, ಕೆಡಸ್ತದ," ಎಂದರು ನಮ್ಮ ಮನೆಯವರು.

ಪಂಕ್ತಿಯಲ್ಲಿದ್ದವರು ನಕ್ಕರು. ಆ ನಗು ಮಲ್ಲುವಿಗೆ ತಗಲಿತು. ತುಪ್ಪದ ತಂಬಿಗೆಯನ್ನು ಕೆಳಗಿಟ್ಟು ಅವನೆಂದ, "ನೀವು ಜೀವಮಾನೆಲ್ಲ ಕಲ್ಲಿದ್ದಲ ಸುಟ್ಟ್ರಿ. ಆ ಹೊಗಿ ಕುಡೀರಿ ಅಂತ ಯಾರಿಗೆ ಕೇಳಿ ಬಿಟ್ಟಿದ್ರಿ?"

ನಮ್ಮ ಮನೆಯವರು ಎಲೆಯಲ್ಲಿ ಅರ್ಧ ಹೋಳಿಗೆ ಬಿಟ್ಟು ಎದ್ದರು. ಆಮೇಲೆ ಇಬ್ಬರೂ ಒಬ್ಬರಿಗೊಬ್ಬರು ಫೋನು ಮಾಡಲಿಲ್ಲ. ಹಬ್ಬ ಹುಣ್ಣಿಮೆಗೆ ಮಲ್ಲು ನನಗೆ ಫೋನು ಮಾಡಿ "ಮಾವಾರು ಆರಾಮದಾರಲಾ?" ಎಂದು ಕೇಳುವುದು, ಪಕ್ಕದಲ್ಲೇ ಕುಳಿತ ಇವರು "ಆರಾಮದಾರಂತ ಹೇಳು" ಎನ್ನುವುದು, ಹೀಗೆ ಒಂದು ವರ್ಷ ನಾನು ಇಬ್ಬರ ನಡುವಿನ ಫೋನಿನ ತಂತಿಯಾಗಿಯೇ ಬದುಕಿದೆ. ಇಂಥ ಮುನಿಸಿಗೆ ಜೋರು ದನಿಯ ಜಗಳಕ್ಕಿಂತ ಹೆಚ್ಚು ಆಯುಷ್ಯ. ಜೋರು ಜಗಳ ತಾನೇ ದಣಿಯುತ್ತದೆ; ಮುನಿಸು ಕುಳಿತಲ್ಲೇ ಕುಳಿತಿರುತ್ತದೆ, ಅದಕ್ಕೆ ದಣಿವೆಂಬುದಿಲ್ಲ.

ಈ ಚಳಿಗಾಲದಲ್ಲಿ ನಾಗಪುರದಲ್ಲೊಂದು ಕೃಷಿ ಯಂತ್ರಗಳ ಪ್ರದರ್ಶನ ನಡೆಯಿತು. ಕಬ್ಬು ಕಡಿಯುವ ಯಂತ್ರವನ್ನು ನೋಡಬೇಕೆಂದು ಮಲ್ಲು ಬಂದು ನಮ್ಮಲ್ಲೇ ಇಳಿದುಕೊಂಡ. ಒಂದೇ ಹಜಾರದಲ್ಲಿ ಎದುರೆದುರು ಕುಳಿತ ಇಬ್ಬರು ಗಂಡಸರು ಒಂದೇ ಪತ್ರಿಕೆಯ ಬೇರೆ ಬೇರೆ ಹಾಳೆಗಳನ್ನು ಓದುತ್ತಿದ್ದರು. "ಶಾಂತಾ, ನಿನ್ನ ತಮ್ಮಗ ಇನ್ನೊಂದು ಕಪ್ ಚಾ ಬೇಕೇನ ಕೇಳು," ಎಂದು ಇವರು ಅವನಿಗೆ ಕೇಳಿಸುವಂತೆಯೇ ಹೇಳುವರು. "ಬ್ಯಾಡಂತ ಹೇಳಕ್ಕಾ," ಎಂದು ಅವನು ಹಾಳೆಯ ಹಿಂದಿನಿಂದಲೇ ಉತ್ತರಿಸುವನು. ಪ್ರದರ್ಶನಕ್ಕೆ ಹೋಗಲು ಅವನಿಗೆ ನನ್ನ ಪಿಕಪ್ಪನ್ನೇ ಕೊಟ್ಟಿದ್ದೆ. ಸಂಜೆ ಮರಳಿ ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಗಾಡಿ ಹೊಟ್ಟಿ ತುಂಬಸೀನಿ. ಇಲ್ಲೇ ಚೌಕದಾಗಿನ ಬಂಕಿನಾಗ. ನಮ್ಮ ಕಡೀ ರಸ ಅದ, ಕುಡೀಲಿ ತಗೋ," ಎಂದ. ಚೀಟಿಯನ್ನು ಅವನು ಓದಿಲ್ಲವೇ ಎಂದು ನಾನು ಕೇಳಲಿಲ್ಲ, ಅವನ ಕಣ್ಣಿನ ತುಂಟತನವೇ ಹೇಳುತ್ತಿತ್ತು. ಹಜಾರದಲ್ಲಿ ಪತ್ರಿಕೆಯ ಹಾಳೆ ಮಗುಚುವ ಸದ್ದು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು.

ಮರುದಿನ ಬೆಳಿಗ್ಗೆ ಖಾಪರಖೇಡಾದಿಂದ ದೇಶಮುಖ ಭಾವೂ ಅವರ ಫೋನು ಬಂತು. ಅವರು ನಮ್ಮ ಮನೆಯವರ ಜೊತೆ ದುಡಿದವರು. ಅವರ ಹೆಂಡತಿ ಶೋಭಾ ವೈನಿ, ಅತ್ತಿಗೆ ಎಂಬರ್ಥದಲ್ಲಿ ನಾನು ಹಾಗೆ ಕರೆಯುವವರು, ನನ್ನ ಈ ಊರಿನ ಬದುಕಿನ ಮೊದಲ ಗೆಳತಿ. ಮದುವೆಯಾಗಿ ಖಾಪರಖೇಡಾದ ಕಾಲನಿಗೆ ಬಂದಾಗ ನನಗೆ ಮರಾಠಿಯ ಒಂದು ಶಬ್ದವೂ ಬರುತ್ತಿರಲಿಲ್ಲ. ಪಕ್ಕದ ಮನೆಯ ವೈನಿ ನನ್ನ ಕೈಹಿಡಿದು ಬುಧವಾರದ ಸಂತೆಗೆ ಎಳೆದೊಯ್ದು, ಬೇಕಾದ್ದನ್ನು ಬೆರಳಿನಿಂದ ತೋರಿಸಬಾರದು, ಬಾಯಿ ಬಿಟ್ಟು ಕೇಳಬೇಕು ಎಂದು ಹಟ ಹಿಡಿದು ನಿಲ್ಲುತ್ತಿದ್ದರು. ಮೆಂತ್ಯದ ಸೊಪ್ಪಿನ ಹೆಸರು ನೆನಪಾಗುವವರೆಗೆ ಸೊಪ್ಪು ಮಾರುವವಳೂ ವೈನಿಯೂ ನಗುತ್ತ ಕಾಯುತ್ತಿದ್ದರು. ಆ ವೈನಿ ನ್ಯುಮೋನಿಯಾ ಆಗಿ ನಗರದ ಆಸ್ಪತ್ರೆಯಲ್ಲಿ ಬಹಳ ದಿನ ಮಲಗಿದ್ದರು. ಅಂದು ಬಿಡುಗಡೆ. ಮನೆಯಲ್ಲೂ ಕೆಲವು ವಾರ ಆಮ್ಲಜನಕ ಬೇಕು ಎಂದು ಡಾಕ್ಟರರು ಹೇಳಿದ್ದರು. ಆಂಬುಲೆನ್ಸಿನಲ್ಲಿ ಇರುವುದು ಚಿಕ್ಕ ಸಿಲಿಂಡರು, ಅದು ದಾರಿಗೆ ಸಾಕು. ಅವರು ಮನೆ ಮುಟ್ಟುವ ಹೊತ್ತಿಗೆ ನನ್ನ ಯಂತ್ರ ಅಲ್ಲಿ ಓಡುತ್ತಿರಬೇಕು.

ಮಂಚ ಎತ್ತಿ ಇಳಿಸಲು ನನ್ನಲ್ಲಿ ಕೆಲಸಕ್ಕೆ ಬರುವ ಇಬ್ಬರೂ ತಮ್ಮ ಊರಿನ ಮದುವೆಗೆ ಹೋಗಿದ್ದರು. ಮನೆಯಲ್ಲಿದ್ದದ್ದು ಈ ಇಬ್ಬರು. ನಾನು ಹೇಳುವ ಮೊದಲೇ ಇಬ್ಬರೂ ಚಪ್ಪಲಿ ಮೆಟ್ಟಿದ್ದರು, ಅದನ್ನು ಮಾತ್ರ ಒಪ್ಪಿಕೊಳ್ಳಬೇಕು. ಹಿಂದೆ ಮಂಚದ ಭಾಗಗಳು, ಹಾಸಿಗೆ, ಗಾಲಿಕುರ್ಚಿ, ನಡುವೆ ಕಂಬಳಿಯಲ್ಲಿ ಸುತ್ತಿ ಕಟ್ಟಿದ ಯಂತ್ರ. ಮುಂದೆ ಚಕ್ರ ಹಿಡಿದ ನಾನು, ಕಿಟಕಿಯ ಕಡೆ ಇವರು, ನಡುವೆ ಗೇರಿನ ಕೋಲು ಮೊಣಕಾಲಿಗೆ ಬಡಿಯುವಂತೆ ಮುದುಡಿ ಕುಳಿತ ಮಲ್ಲು.

ಕೋರಾಡಿ ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೊಂದು ಸೇತುವೆಯ ಏರಿನಲ್ಲಿ ಒಮ್ಮೆ ಜಗ್ಗಿತು. ಮತ್ತೊಮ್ಮೆ ಜಗ್ಗಿತು. ನಾನು ಕಾಲಿನಿಂದ ಎಷ್ಟು ಒತ್ತಿದರೂ ಎಂಜಿನ್ನು ಕೆಮ್ಮಿ ಕೆಮ್ಮಿ, ಏರು ಮುಗಿಯುವುದರೊಳಗೆ ಆರಿಯೇ ಹೋಯಿತು. ಗಾಡಿಯನ್ನು ಹಿಂದಕ್ಕೆ ಉರುಳಲು ಬಿಟ್ಟು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದೆ. ಚಾವಿ ತಿರುಗಿಸಿದರೆ ಕಿರಗುಟ್ಟುವುದು, ಹೊತ್ತಿಕೊಳ್ಳದು.

ನಮ್ಮ ಮನೆಯವರು ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ಕೈಗಡಿಯಾರ ನೋಡಿಕೊಂಡರು. ಪಕ್ಕದಲ್ಲಿ ಮಲ್ಲು ಎರಡೂ ಅಂಗೈಗಳನ್ನು ತೊಡೆಗೆ ಒರೆಸಿಕೊಳ್ಳುತ್ತ, "ಅಕ್ಕಾ, ಆ ವೈನಿ ಬಂದ್ಬಿಡ್ತಾರೇನ?" ಎಂದು ಮೆಲ್ಲಗೆ ಕೇಳಿದ. ದೇಶಮುಖ ಭಾವೂ ಅವರಿಗೆ ಫೋನು ಹಚ್ಚಿದೆ. ಆಂಬುಲೆನ್ಸು ಆಸ್ಪತ್ರೆಯ ಗೇಟು ಬಿಟ್ಟಾಗಿತ್ತು. ಯಾವ ಪೆಟ್ರೋಲು ಸರಿ, ಯಾವುದು ತಪ್ಪು ಎಂಬ ವರ್ಷದ ವಾದ ಆ ಕ್ಷಣ ನನಗೆ ಎಷ್ಟು ಹೇಸಿಗೆಯಾಯಿತೆಂದರೆ, ಇಬ್ಬರನ್ನೂ ಅಲ್ಲೇ ಇಳಿಸಿ ಬೈದುಬಿಡಬೇಕೆನ್ನಿಸಿತು. ಆದರೆ ಬೈಯುವುದಕ್ಕೂ ಉಸಿರು ಬೇಕಲ್ಲ.

ಮಂಚ ತಡವಾದರೆ ನಡೆಯುತ್ತದೆ, ಯಂತ್ರ ತಡವಾಗುವಂತಿಲ್ಲ. ನಾನು ಇಳಿದು ರಸ್ತೆಗೆ ಅಡ್ಡ ನಿಂತೆನೆಂದೇ ಹೇಳಬೇಕು. ಜನ ತುಂಬಿದ ಆಟೋಗಳು ಹಾರ್ನು ಬಾರಿಸಿ ಸುತ್ತಿಕೊಂಡು ಹೋದವು. ಕೊನೆಗೊಬ್ಬ ನಿಲ್ಲಿಸಿದ. ಹಿಂದಿನ ಸೀಟಿನಲ್ಲಿದ್ದ ಹೆಂಗಸು ತನ್ನ ತರಕಾರಿ ಚೀಲಗಳನ್ನು ಕಾಲಕೆಳಗೆ ತಳ್ಳಿಕೊಂಡು ಜಾಗ ಮಾಡಿದಳು. ಇವರೂ ಮಲ್ಲುವೂ ಯಂತ್ರವನ್ನು ಆಚೀಚೆ ಹಿಡಿದು, ಮಗುವನ್ನು ಎತ್ತಿ ಕೂಡಿಸುವಂತೆ ನನ್ನ ಪಕ್ಕ ಕೂಡಿಸಿದರು. ಆಟೋ ಹೊರಟ ಮೇಲೆ ತಿರುಗಿ ನೋಡಿದೆ. ಗಾಡಿಯ ಎರಡು ಬದಿಗೆ ಇಬ್ಬರೂ ನಿಂತಿದ್ದರು, ಒಬ್ಬರು ಏರಿನ ಕಡೆಗೆ ಮುಖ ಮಾಡಿ, ಇನ್ನೊಬ್ಬ ಇಳಿಜಾರಿನ ಕಡೆಗೆ.

ದೇಶಮುಖರ ಮನೆಯಲ್ಲಿ ಸೊಸೆ ಮೇಧಾ ಬಾಗಿಲು ತೆಗೆದಳು. ಕಂಬಳಿ ಬಿಚ್ಚಿ, ಡಬ್ಬಿಗೆ ನೀರು ತುಂಬಿ, ಪ್ಲಗ್ಗು ಸಿಕ್ಕಿಸಿ ಗುಂಡಿ ಒತ್ತಿದರೆ ಯಂತ್ರ ಒಮ್ಮೆ ಕಿರುಚಿ, ಆಮೇಲೆ ಗುಂಯ್ ಎಂದು ತನ್ನ ಕೆಲಸಕ್ಕೆ ತೊಡಗಿತು. ಕೊಳವೆಯ ತುದಿಯನ್ನು ಗಲ್ಲದ ಹತ್ತಿರ ಹಿಡಿದು ಗಾಳಿ ಬರುತ್ತಿರುವುದನ್ನು ನೋಡಿಕೊಂಡೆ. ಆಂಬುಲೆನ್ಸು ಅಂಗಳಕ್ಕೆ ಬಂದಾಗ ನಾನು ಇನ್ನೂ ಮೊಣಕಾಲೂರಿಯೇ ಇದ್ದೆ. ವೈನಿಯನ್ನು ದಿವಾನಿನ ಮೇಲೆ ದಿಂಬುಗಳಿಗೆ ಒರಗಿಸಿ ಕೂಡಿಸಿದರು. ಎಷ್ಟು ಇಳಿದುಹೋಗಿದ್ದರು ಎಂದರೆ, ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಸಿಲಿಂಡರಿನ ಕೊಳವೆ ತೆಗೆದು ಯಂತ್ರದ್ದನ್ನು ಮೂಗಿಗೆ ಇಟ್ಟೆ. ಬೆರಳಿಗೆ ಸಿಕ್ಕಿಸಿದ, ರಕ್ತದ ಆಮ್ಲಜನಕ ಅಳೆಯುವ ಕ್ಲಿಪ್ಪನ್ನು ನಾವೆಲ್ಲ ದೇವರ ದೀಪ ನೋಡುವಂತೆ ನೋಡುತ್ತ ನಿಂತೆವು. ಅಂಕಿ ಸ್ವಲ್ಪ ಇಳಿಯಿತು, ಅಲ್ಲೇ ನಿಂತಿತು, ಆಮೇಲೆ ಒಂದೊಂದೇ ಮೇಲೇರತೊಡಗಿತು. ವೈನಿ ಕಣ್ಣು ತೆರೆದರು.

"ಆಲೀಸ್ ಕಾ?" ಎಂದರು. ಬಂದೆಯಾ ಎಂದು. ಅಷ್ಟು ಹೇಳುವುದಕ್ಕೆ ನಡುವೆ ಒಮ್ಮೆ ನಿಂತು ಉಸಿರು ತೆಗೆದುಕೊಂಡರು.

ಅವರ ಕಾಲ ಬಳಿ ನೆಲದ ಮೇಲೆ ಕುಳಿತೆ. ಯಂತ್ರದ ಗುಂಯ್ ಸದ್ದು ಬಿಟ್ಟರೆ ಮನೆ ಶಾಂತವಾಗಿತ್ತು. ಆಗ ನನಗೆ ಹೊಳೆದದ್ದನ್ನು ನಿಮಗೆ ಹೇಳುತ್ತೇನೆ, ದೊಡ್ಡ ವಿಚಾರವೇನಲ್ಲ. ಈ ಯಂತ್ರವನ್ನು ನಡೆಸುತ್ತಿದ್ದ ಕರೆಂಟು ಕಿಟಕಿಯಾಚೆ ಕಾಣುವ ಚಿಮಣಿಗಳ ಬುಡದಲ್ಲಿ, ನನ್ನ ಗಂಡ ಆಯುಷ್ಯ ಸವೆಸಿದ ಕಲ್ಲಿದ್ದಲ ಬೆಂಕಿಯಲ್ಲಿ ಹುಟ್ಟಿದ್ದು. ಯಂತ್ರವನ್ನು ಇಲ್ಲಿಯವರೆಗೆ ತಂದ ಆಟೋ ಓಡಿದ್ದು ಬಂಕಿನ ಮಿಶ್ರ ಪೆಟ್ರೋಲಿನ ಮೇಲೆ, ಅದರಲ್ಲಿ ನನ್ನ ತಮ್ಮನದಲ್ಲದಿದ್ದರೂ ಯಾರದೋ ಹೊಲದ ಫಸಲಿನ ರಸ ಇದ್ದೇ ಇತ್ತು. ಎರಡರಲ್ಲೂ ಹೊಗೆ ಇದೆ, ಎರಡರಲ್ಲೂ ನಷ್ಟ ಇದೆ. ಎರಡೂ ಅಂದು ಶೋಭಾ ವೈನಿಯ ಮೂಗಿನವರೆಗೆ ಉಸಿರನ್ನು ಹೊತ್ತು ತಂದಿದ್ದವು. ಊಟದ ಪಂಕ್ತಿಯಲ್ಲಿ ನಮ್ಮವರಿಬ್ಬರೂ ಒಬ್ಬರನ್ನೊಬ್ಬರು ಚುಚ್ಚಿಕೊಂಡದ್ದು ಈ ಎರಡರ ಹೆಸರಿನಲ್ಲೇ.

ಮಧ್ಯಾಹ್ನದ ಊಟದ ಹೊತ್ತಿಗೆ ಬೀದಿಯ ತಿರುವಿನಲ್ಲಿ ನಮ್ಮ ಗಾಡಿಯ ದನಿ ಕೇಳಿತು. ಸಾವಿರ ಗಾಡಿಗಳ ನಡುವೆಯೂ ನಾನು ಗುರುತಿಸಬಲ್ಲ ದನಿ ಅದು; ಅದಕ್ಕಿಂತ ಮೇಲೆ ಕೇಳುತ್ತಿದ್ದದ್ದು ಇಬ್ಬರ ಮಾತು. ಚಕ್ರ ಹಿಡಿದವನು ಮಲ್ಲು. ಇಬ್ಬರ ಕೈಗಳೂ ಮೊಣಕೈವರೆಗೆ ಕಪ್ಪು, ನಮ್ಮ ಮನೆಯವರ ಬಿಳಿಯ ಅಂಗಿಯ ಮೇಲೆ ಐದು ಬೆರಳಿನ ಗುರುತು. ಇಳಿಯುತ್ತಲೇ ಇವರು ಮೊದಲು ಕೇಳಿದ್ದು, "ವೈನಿ?" ಎಂದು. ಆರಾಮಿದ್ದಾರೆ ಎಂದೆ. ಇಬ್ಬರೂ ಒಟ್ಟಿಗೇ ಗಾಡಿಗೆ ಒರಗಿ ನಿಂತುಬಿಟ್ಟರು.

"ತಪ್ಪ ನಂದಕ್ಕಾ," ಎಂದ ಮಲ್ಲು. "ಚೀಟಿ ಓದೇ ಹಾಕ್ಸೀನಿ."

"ಏ, ಸುಮ್ನಿರು ನೀ," ಎಂದರು ಇವರು. "ಶಾಂತಾ, ಫಿಲ್ಟರಿನಾಗ ಬರೇ ಕಂದು ಕೆಸರು. ಆ ಕಸ ನಿನ್ನೆ ಹುಟ್ಟಿದ್ದಲ್ಲ. ನಾ ಹಾಕಿಸಿದ ಪೆಟ್ರೋಲಿನಾಗ ಇಷ್ಟು ವರ್ಷ ಟ್ಯಾಂಕಿನ ತಳಕ್ಕ ಕುಂತಿತ್ತು. ಇವನ ಎಥೆನಾಲ್ ಬಂದು ತೊಳದು ಎಬ್ಬಿಸ್ತು."

"ಎಬ್ಬಿಸಿದ್ದಕ್ಕ ಗಾಡಿ ನಿಂತತಿ ಅಲ್ಲೇನ್ರಿ, ಮಾವಾರ?"

"ಇವತ್ತಲ್ಲಂದ್ರ ಮುಂದ ಎಂದಾರ ನಿಲ್ತಿತ್ತು. ತಳಾ ತೊಳೀಲಾರದ್ದು ನಂದು ತಪ್ಪು."

"ಅಂದ್ರೂ ಹಳೀ ಗಾಡಿಗೆ ಒಮ್ಮೆಗೇ ತುಂಬಸಬಾರದಿತ್ತರಿ. ನೀವು ಹೇಳಿದ್ದು ಬರೋಬರ್ ಇತ್ತು."

ನಾನು ಇಬ್ಬರ ಮುಖವನ್ನೂ ನೋಡುತ್ತ ನಿಂತೆ. ಒಂದು ವರ್ಷ ತಮ್ಮ ತಮ್ಮ ಪೆಟ್ರೋಲಿಗೆ ಅಂಟಿಕೊಂಡಿದ್ದವರು ಈಗ ಒಬ್ಬರ ಪಕ್ಷವನ್ನು ಇನ್ನೊಬ್ಬರು ವಹಿಸಿಕೊಂಡು ಅಷ್ಟೇ ಹಟದಿಂದ ವಾದಿಸುತ್ತಿದ್ದರು. ಜಗಳ ಮುಗಿದಿರಲಿಲ್ಲ, ಜಾಗ ಬದಲಿಸಿತ್ತು. ಆದರೆ ಇಂಥ ಜಗಳ ಜೀವಮಾನವಿಡೀ ನಡೆದರೂ ನನಗೆ ಅಡ್ಡಿಯಿಲ್ಲ. ಇಬ್ಬರೂ ಸೇರಿ ಮಂಚ ಇಳಿಸಿ ಜೋಡಿಸಿದರು, ವೈನಿಯನ್ನು ಎತ್ತಿ ಮಲಗಿಸಿದರು. ಮಲ್ಲು ತನಗೆ ಬರುವ ಹರಕು ಮರಾಠಿಯಲ್ಲಿ ವೈನಿಗೆ ಏನೋ ಹೇಳಿ ಅವರ ಮುಖದಲ್ಲಿ ನಗೆ ತಂದ.

ಸೇತುವೆಯ ಬಳಿ ನಡೆದದ್ದು ನನಗೆ ಪೂರ್ತಿ ತಿಳಿದದ್ದು ಮಲ್ಲುವನ್ನು ರೈಲಿಗೆ ಬಿಡಲು ಹೋದಾಗ. ನಾನು ಹೋದ ಮೇಲೆ ಇವರು ಸೀಟನ್ನು ಎತ್ತಿ ಎಂಜಿನ್ನಿಗೆ ತಲೆ ಹಾಕಿ, ಹಿಂದಕ್ಕೆ ಕೈ ಚಾಚಿ, "ಪಾನಾ ಕೊಡು," ಎಂದರಂತೆ. ಪಾನಾ ಎಂದರೆ ನಮ್ಮ ಕಡೆ ಸ್ಪ್ಯಾನರು. ಗಾಡಿಯ ಪಾನದ ವಿಷಯಕ್ಕೆ ನಿಂತುಹೋಗಿದ್ದ ಮಾತು ಈ ಪಾನಾದ ಮೂಲಕ ಮರಳಿ ಬಂತು. ಫಿಲ್ಟರನ್ನು ಬಿಚ್ಚಿ, ಗಾಲಿಕುರ್ಚಿಯ ಚಕ್ರಗಳಿಗೆಂದು ನಾನು ಗಾಡಿಯಲ್ಲಿ ಇಟ್ಟಿರುವ ಕೈಪಂಪಿನಿಂದ ಉಲ್ಟಾ ಗಾಳಿ ಹೊಡೆದು ಕೆಸರು ಹೊರಗೆ ಹಾಕಿದರಂತೆ. ಹಿಡಿಯುವವರು ಇವರು, ಪಂಪು ಒತ್ತುವವನು ಅವನು. ದಾರಿಯಲ್ಲಿ ಇನ್ನೂ ಎರಡು ಕಡೆ ನಿಲ್ಲಿಸಿ, ಮತ್ತೆ ಬಿಚ್ಚಿ, ಮತ್ತೆ ಗಾಳಿ ಹೊಡೆದು ಗಾಡಿಯನ್ನು ದೇಶಮುಖರ ಮನೆ ಮುಟ್ಟಿಸಿದರಂತೆ.

"ಪಂಪ ಒತ್ತೂಮುಂದ ಮಾವಾರು ಒಂದ ಮಾತ ಹೇಳಿದ್ರಕ್ಕಾ," ಎಂದ ಮಲ್ಲು, ರೈಲಿನ ಬಾಗಿಲಲ್ಲಿ ನಿಂತು. "'ನೀ ಅವತ್ತ ಹೊಗಿ ಮಾತ ಆಡಿದ್ಯಲ್ಲ, ಅದು ಸುಳ್ಳಂತ ನನಗ ಸಿಟ್ಟ ಬಂದಿದ್ದಿಲ್ಲೋ, ಖರೇ ಇತ್ತಂತ ಬಂದಿತ್ತು,' ಅಂದ್ರು. ನಾ ಪಂಪ ಒತ್ತಿದೆ."

ಗಾಡಿಯ ಟ್ಯಾಂಕನ್ನು ಇಳಿಸಿ ತೊಳೆಸಿದೆವು, ಹಳೆಯ ಕೊಳವೆಗಳನ್ನು ತೆಗೆದು ಎಥೆನಾಲನ್ನು ತಡೆಯುವಂಥವನ್ನು ಹಾಕಿಸಿದೆವು. ಈಗ ಚೌಕದ ಬಂಕಿನ ಪೆಟ್ರೋಲೇ ಕುಡಿಯುತ್ತದೆ. ಲೀಟರಿಗೆ ಓಡುವ ದೂರ ಸ್ವಲ್ಪ ಕಡಿಮೆಯೇ, ಚಳಿಯ ಬೆಳಗಿನಲ್ಲಿ ಎಬ್ಬಿಸಲು ಸ್ವಲ್ಪ ಹೆಚ್ಚು ಗೋಗರೆಯಬೇಕು. ಎರಡರಲ್ಲಿ ಯಾವುದು ಮೇಲು ಎಂದು ಮನೆಯವರನ್ನು ಕೇಳಿದರೆ ಒಂದು ಗಂಟೆ ಹೇಳುತ್ತಾರೆ, ನಡುವೆ ಮುಧೋಳಕ್ಕೆ ಫೋನು ಹಚ್ಚಿ ಮಲ್ಲುವನ್ನೂ ಕೇಳುತ್ತಾರೆ.

ನನ್ನ ಉದ್ಯೋಗದಲ್ಲಿ ಕೊಟ್ಟ ಸಾಮಾನು ಮರಳಿ ಬರುವುದು ಎರಡೇ ಕಾರಣಕ್ಕೆ. ಫೋನಿನಲ್ಲಿ "ಬಂದು ಮಂಚ ಒಯ್ಯಿರಿ" ಎಂಬ ಮಾತು ಬಂದಾಗ ಆಚೆಯ ದನಿಯಿಂದಲೇ ಯಾವ ಕಾರಣವೆಂದು ತಿಳಿಯುತ್ತದೆ, ಮತ್ತೆ ನಾನು ಏನನ್ನೂ ಕೇಳುವುದಿಲ್ಲ. ಈ ಸಲ ಆ ಮಾತು ಹೇಳಿದವರು ವೈನಿಯೇ. ಗಾಡಿ ತೆಗೆದುಕೊಂಡು ಖಾಪರಖೇಡಾಕ್ಕೆ ಹೋದರೆ ಅವರು ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು ಗೇಟಿನಲ್ಲೇ ನಿಂತಿದ್ದರು. ಮಂಚವನ್ನೂ ಯಂತ್ರವನ್ನೂ ನನ್ನ ಕೆಲಸದವರು ಹಿಂದೆ ಏರಿಸಿ ಕಟ್ಟುತ್ತಿದ್ದಾಗ ವೈನಿ ಯಾರನ್ನೂ ಕೇಳದೆ ಮುಂದಿನ ಬಾಗಿಲು ತೆಗೆದು, ಹಿಡಿ ಹಿಡಿದು ಮೇಲೆ ಹತ್ತಿ ಕುಳಿತರು.

"ಚಲ್, ಏಕ್ ಚಕ್ಕರ್ ಮಾರೂ," ಎಂದರು. ಒಂದು ಸುತ್ತು ಹೋಗಿಬರೋಣ ಎಂದು.

ಕಾಲನಿಯ ಮರಗಳ ಕೆಳಗೆ ಗಾಡಿಯನ್ನು ನಿಧಾನವಾಗಿ ಬಿಟ್ಟೆ. ವೈನಿ ಕಿಟಕಿಯ ಗಾಜು ಪೂರ್ತಿ ಇಳಿಸಿ ಮಾತಾಡತೊಡಗಿದರು: ಆಸ್ಪತ್ರೆಯ ಉಪ್ಪಿಲ್ಲದ ಗಂಜಿ, ಸೊಸೆ ಅತಿಯಾಗಿ ಕುದಿಸುವ ಚಹಾ, ನಾವಿದ್ದ ಹಳೆಯ ಮನೆಗೆ ಬಂದಿರುವ ಹೊಸಬರು ಕಿತ್ತುಹಾಕಿದ ಮಲ್ಲಿಗೆ ಬಳ್ಳಿ, ಬುಧವಾರದ ಸಂತೆಯಲ್ಲಿ ಈಗ ಮೆಂತ್ಯ ಎಷ್ಟು ಸಣ್ಣ ಕಟ್ಟು. ಒಂದರ ಬೆನ್ನಿಗೆ ಒಂದು ಮಾತು ಬರುತ್ತಲೇ ಇತ್ತು. ನಾನು ಹೂಂಗುಟ್ಟುತ್ತ ರಸ್ತೆ ನೋಡುತ್ತಿದ್ದೆ. ಎರಡನೆಯ ಸುತ್ತು ಮುಗಿಯುವ ಹೊತ್ತಿಗೆ ಗಮನಿಸಿದೆ, ಇಷ್ಟೆಲ್ಲ ಮಾತಿನ ನಡುವೆ ಅವರು ಒಮ್ಮೆಯೂ ಉಸಿರಿಗಾಗಿ ನಿಂತಿರಲಿಲ್ಲ. ಗೇಟು ಬಂತು. ನಾನು ಗಾಡಿ ನಿಲ್ಲಿಸಲಿಲ್ಲ.